ಬೃಹದಣುಗಳ ಪಾಠ ಹಿಮೋಗ್ಲೋಬಿನ್‌ನಿಂದ ಆರಂಭವಾಗಲಿ

ನಮ್ಮ ಪ್ರೌಢಶಾಲೆ ಮತ್ತು ಪಿಯುಸಿ ತರಗತಿಗಳಲ್ಲಿ ಜೈವಿಕ ಬೃಹದಣುಗಳ, ಎಂದರೆ ಜೀವಿಗಳ ದೇಹದಲ್ಲಿರುವ ದೊಡ್ಡ ಅಣುಗಳ, ಪಾಠ ಬಹುಮಟ್ಟಿಗೆ ನಾಲ್ಕು ಸಾಲಿನ ಒಂದು ಕೋಷ್ಟಕದಲ್ಲಿ ಮುಗಿದುಹೋಗುತ್ತದೆ. ಕಾರ್ಬೋಹೈಡ್ರೇಟ್ ಶಕ್ತಿ ಕೊಡುತ್ತದೆ, ಪ್ರೋಟೀನ್ ದೇಹವನ್ನು ಬೆಳೆಸುತ್ತದೆ, ಕೊಬ್ಬು ಶಕ್ತಿಯನ್ನು ಕೂಡಿಡುತ್ತದೆ, ನ್ಯೂಕ್ಲಿಯಿಕ್ ಆಮ್ಲ ವಂಶವಾಹಿ ಮಾಹಿತಿಯನ್ನು ಒಯ್ಯುತ್ತದೆ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇವು ಸುಳ್ಳಲ್ಲ. ಆದರೆ ಅಣುವಿನ ಕೆಲಸವನ್ನು ಅದರ ಆಕಾರ ನಿರ್ಧರಿಸುತ್ತದೆ, ಆ ಆಕಾರ ಅದರ ಪುಟ್ಟ ಘಟಕಗಳು ಯಾವ ಕ್ರಮದಲ್ಲಿ, ಯಾವ ಬಂಧದಿಂದ ಸೇರಿವೆ ಎಂಬುದರಿಂದ ಬರುತ್ತದೆ ಎಂಬ ಮುಖ್ಯ ಸಂಗತಿ ಈ ಕೋಷ್ಟಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಈ ಪಾಠವನ್ನು ಹಿಮೋಗ್ಲೋಬಿನ್‌ನಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಮೋಗ್ಲೋಬಿನ್ ಎಂದರೆ ಕೆಂಪು ರಕ್ತಕಣಗಳಲ್ಲಿದ್ದು ಆಮ್ಲಜನಕವನ್ನು ಒಯ್ಯುವ ಪ್ರೋಟೀನ್. ವಯಸ್ಕರ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಪ್ರೋಟೀನ್ ಸರಪಳಿಗಳಿವೆ. ಎರಡು ಆಲ್ಫಾ, ಎರಡು ಬೀಟಾ. ಅವುಗಳ ಪುಟ್ಟ ಘಟಕಗಳು ಒಟ್ಟು 574 ಅಮೈನೋ ಆಮ್ಲಗಳು. ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಇರಬೇಕಾದದ್ದು ಗ್ಲುಟಾಮಿಕ್ ಆಮ್ಲ. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಜಿಎಜಿ ಎಂಬ ಮೂರಕ್ಷರದ ಸಂಕೇತ ಜಿಟಿಜಿ ಆದರೆ, ಆ ಸ್ಥಾನಕ್ಕೆ ವ್ಯಾಲೀನ್ ಬಂದು ಕೂರುತ್ತದೆ. ಗ್ಲುಟಾಮಿಕ್ ಆಮ್ಲಕ್ಕೆ ನೀರಿನ ಒಡನಾಟ ಹಿತ, ವ್ಯಾಲೀನ್‌ಗೆ ಅಹಿತ. ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಇದೇ ಕಾರಣಕ್ಕೆ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ, ಆ ಎಳೆಗಳ ಒತ್ತಡಕ್ಕೆ ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬಿದ್ದು ತೀವ್ರ ನೋವು ತರುತ್ತವೆ. ಸಾಮಾನ್ಯವಾಗಿ ಸುಮಾರು 120 ದಿನ ಬಾಳುವ ಕಣ ಇಲ್ಲಿ 10ರಿಂದ 20 ದಿನಗಳಲ್ಲೇ ನಾಶವಾಗುತ್ತದೆ. ಇದೇ ಕುಡುಗೋಲು ಕಣ ರೋಗ (ಸಿಕಲ್ ಸೆಲ್). 1949ರಲ್ಲಿ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಇದನ್ನು ಅಣುವಿನ ಮಟ್ಟದ ರೋಗವೆಂದು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ವಿಜ್ಞಾನಿ ವರ್ನನ್ ಇನ್‌ಗ್ರಾಮ್ ಬದಲಾದ ಅಮೈನೋ ಆಮ್ಲ ಯಾವುದೆಂದು ತೋರಿಸಿದರು. ನ್ಯೂಕ್ಲಿಯಿಕ್ ಆಮ್ಲಕ್ಕೂ ಪ್ರೋಟೀನಿಗೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಉದಾಹರಣೆ ನನಗೆ ತಿಳಿದಿಲ್ಲ.

ಎಲುಬು, ಚರ್ಮ, ಸ್ನಾಯುರಜ್ಜುಗಳನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನಿನದೂ ಇಂಥದೇ ಕಥೆ. ಅದರ ಮೂರು ಸರಪಳಿಗಳು ಜಡೆಯಂತೆ ಹೆಣೆದುಕೊಂಡಿವೆ. ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸೀನ್ ಇರಲೇಬೇಕು, ಏಕೆಂದರೆ ಹೆಣಿಗೆಯ ಒಳಭಾಗದ ಇಕ್ಕಟ್ಟಿನಲ್ಲಿ ಅದಕ್ಕಿಂತ ದೊಡ್ಡ ಅಮೈನೋ ಆಮ್ಲಕ್ಕೆ ಜಾಗವಿಲ್ಲ. ಅಲ್ಲಿ ಬೇರೆಯದು ಸೇರಿದರೆ ಹುಟ್ಟಿನಿಂದಲೇ ಎಲುಬುಗಳು ಸುಲಭವಾಗಿ ಮುರಿಯುವ ಕಾಯಿಲೆ ಬರಬಹುದು. ಈ ಮೂರೆಳೆಯ ರಚನೆಯನ್ನು 1950ರ ದಶಕದ ನಡುವೆ ಮದ್ರಾಸಿನಲ್ಲಿ ಪ್ರತಿಪಾದಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದವರೂ ರಾಮಚಂದ್ರನ್ ಅವರೇ. ಅವರ ಹೆಸರನ್ನು ನಮ್ಮ ಮಕ್ಕಳು ಈ ಪಾಠದಲ್ಲೇ ಕೇಳಬೇಕು.

ಕಾರ್ಬೋಹೈಡ್ರೇಟ್‌ಗಳಲ್ಲಿಯೂ ಆಕಾರದ್ದೇ ಮಾತು. ಅನ್ನದ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸಿನಿಂದಲೇ ಆದವು; ಬಂಧದ ದಿಕ್ಕು ಬೇರೆ, ಅಷ್ಟೇ. ನಮ್ಮ ಜೀರ್ಣರಸ ಮೊದಲನೆಯದನ್ನು ಒಡೆಯುತ್ತದೆ, ಎರಡನೆಯದನ್ನು ಒಡೆಯಲಾರದು. ಹಸು ಹುಲ್ಲನ್ನು ಅರಗಿಸಿಕೊಳ್ಳುವುದು ಅದರ ಹೊಟ್ಟೆಯ ಸೂಕ್ಷ್ಮಜೀವಿಗಳ ನೆರವಿನಿಂದ.

ಲಿಪಿಡ್‌ಗಳನ್ನು, ಎಂದರೆ ಕೊಬ್ಬು ಮತ್ತು ಕೊಬ್ಬಿನಂಥ ಅಣುಗಳನ್ನು, ಬೃಹದಣುಗಳ ಗುಂಪಿಗೆ ಸೇರಿಸುವುದು ರೂಢಿಯಾದರೂ ಅವು ಒಂದೇ ಬಗೆಯ ಘಟಕಗಳ ಸರಪಳಿಗಳಲ್ಲ. ಆದರೆ ಪ್ರತಿ ಜೀವಕೋಶದ ಪೊರೆ ಅವುಗಳ ಎರಡು ಪದರಗಳಿಂದಲೇ ಆಗಿದೆ, ಮತ್ತು ಕೊಲೆಸ್ಟೆರಾಲ್ ಇಲ್ಲದೆ ಲೈಂಗಿಕ ಹಾರ್ಮೋನುಗಳಿಲ್ಲ. ಕೊಬ್ಬೆಂದರೆ ಶತ್ರುವೆಂದೇ ಭಾವಿಸುವವರು ಇದನ್ನು ಗಮನಿಸಬೇಕು.

ಹಿಮೋಗ್ಲೋಬಿನ್‌ಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇನ್ನೊಂದು ಕಾರಣವಿದೆ. ಕುಡುಗೋಲು ಕಣ ರೋಗ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲಿ ಇಂದಿಗೂ ಇದೆ. ಇದರ ನಿರ್ಮೂಲನೆಗಾಗಿ 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಡಿ ರಕ್ತಪರೀಕ್ಷೆಗಳು ನಡೆಯುತ್ತಿವೆ. ತಂದೆತಾಯಿಗಳಿಬ್ಬರೂ ಬದಲಾದ ಈ ಜೀನಿನ ಒಂದು ಪ್ರತಿಯನ್ನಷ್ಟೇ ಹೊತ್ತ ವಾಹಕರಾಗಿದ್ದರೆ, ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರು ಬಹುಪಾಲು ಆರೋಗ್ಯವಂತರಾಗಿಯೇ ಇರುತ್ತಾರೆ, ಹಾಗಾಗಿ ಪರೀಕ್ಷೆ ಮಾಡಿಸದೆ ಅವರಿಗೆ ತಿಳಿಯುವುದಿಲ್ಲ. ಹಾಡಿಯ ಶಾಲೆಯಲ್ಲಿ ಓದುವ ಮಗುವಿಗೆ ಈ ಲೆಕ್ಕವನ್ನೂ ಅದರ ಹಿಂದಿರುವ ಅಣುವನ್ನೂ ಒಟ್ಟಿಗೆ ಕಲಿಸುವ ಪಾಠ ಹತ್ತನೆಯ ತರಗತಿಯ ಒಳಗೇ ಸಿಗಬೇಕು.