ಎಕ್ಸ್ ಬೇರೆ, ವೈ ಬೇರೆ ಮಾಡ್ರಪ್ಪಾ!

ಈಗ ಸಂಜೆ ಹುಬ್ಬಳ್ಳಿಯ ವಿದ್ಯಾನಗರದ ಕಡೆ ಸಿಗ್ನಲ್‌ನಲ್ಲಿ ನಿಂತಿದ್ದೆ. ಎದುರಿಗೆ ದೊಡ್ಡ ಎಲ್‌ಇಡಿ ಬೋರ್ಡು. ಮಾವಿನ ಸೀಸನ್ ಅಲ್ವಾ, ಯಾವುದೋ ಜ್ಯೂಸ್ ಅಂಗಡಿಯ ಜಾಹೀರಾತು. ಎಡಗಡೆಯಿಂದ ಒಂದು ಆಪೂಸ್ ಹಣ್ಣು ಹಾರಿ ಬಂತು. ನೆಲಕ್ಕೆ ಬಿತ್ತು, ಪುಟಿಯಿತು, ಮತ್ತೆ ಬಿತ್ತು, ಬಲಗಡೆಯ ಗ್ಲಾಸಿನೊಳಗೆ ಹೋಗಿ ಕೂತಿತು. ಮಾವಿನಹಣ್ಣು ಪುಟಿಯುತ್ತದಾ ಅಂತ ಕೇಳಬೇಡಿ. ಜಾಹೀರಾತಿನಲ್ಲಿ ಎಲ್ಲವೂ ಪುಟಿಯುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರೋದು ಅದು ಬಿದ್ದ ರೀತಿಗೆ. ನೆಲ ಹತ್ತಿರ ಬಂದಂತೆ ಹಣ್ಣು ಮೆಲ್ಲಗಾಯಿತು. ನೆಲ ಮುಟ್ಟಿ ಪೂರ್ತಿ ನಿಂತೇ ಬಿಟ್ಟಿತು. ಆಮೇಲೆ ಸಾವಕಾಶ ಎದ್ದು ಮೇಲೆ ಹೋಯಿತು. ಅಲ್ಲೂ ನಿಂತಿತು. ಗಾಳಿಯಲ್ಲಿ! ಯಾರನ್ನು ಕಾಯುತ್ತಿತ್ತೋ ಗೊತ್ತಿಲ್ಲ. ಹಿಂದಿನ ಆಟೊದವನು ಹಾರ್ನ್ ಹೊಡೆದ ಮೇಲೇ ನಾನು ಗಾಡಿ ಮುಂದೆ ತೆಗೆದದ್ದು.

ನನ್ನ ಕಸುಬು ಅನಿಮೇಶನ್. ಅದು ಗೊತ್ತಿದ್ದವರಿಗೆ ರೋಗ ಯಾವುದು ಅಂತ ಆಗಲೇ ತಿಳಿದಿರುತ್ತದೆ. ಎಲ್ಲ ಕೀಫ್ರೇಮ್ (ವಸ್ತು ಯಾವ ಹೊತ್ತಿಗೆ ಎಲ್ಲಿರಬೇಕು ಅಂತ ಹಾಕೋ ಗುರುತು) ಒಟ್ಟಿಗೆ ಸೆಲೆಕ್ಟ್ ಮಾಡಿ ಎಫ್9 ಒತ್ತಿದ್ದಾರೆ. ಆಫ್ಟರ್ ಇಫೆಕ್ಟ್ಸ್ ಅನ್ನೋ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ ಅದು ಈಸಿ ಈಸ್, ಚಲನೆಯನ್ನ ಮೆತ್ತಗೆ ಮಾಡೋ ಬಟನ್. ಒತ್ತಿದ ಕೂಡಲೇ ಪ್ರತಿ ಕೀಫ್ರೇಮ್‌ನಲ್ಲೂ ವೇಗ ಸೊನ್ನೆ. ಬಟನ್ ಇರೋದೇ ಅದಕ್ಕೆ, ಬಟನ್ನಿನ ತಪ್ಪಿಲ್ಲ. ಆದರೆ ನಮ್ಮ ಹುಡುಗರಿಗೆ ಅನಿಮೇಶನ್ ಅಂದರೆ ಎಫ್9, ಎಫ್9 ಅಂದರೆ ಅನಿಮೇಶನ್. ಉಪ್ಪಿಟ್ಟಿಗೂ ಎಫ್9, ಪಾಯಸಕ್ಕೂ ಎಫ್9.

ಮೂಲ ಗೊಂದಲ ಎಲ್ಲಿದೆ ಗೊತ್ತಾ? ವಸ್ತು ಎಲ್ಲಿದೆ ಅಂತ ಹೇಳೋ ಪೊಸಿಶನ್ ಅನ್ನೋ ಒಂದೇ ಸಾಲಿನಲ್ಲಿ ಎಕ್ಸ್ (ಅಡ್ಡಕ್ಕೆ), ವೈ (ಮೇಲೆ-ಕೆಳಗೆ) ಎರಡೂ ಇರುತ್ತವೆ. 1920 ಅಗಲ, 1080 ಎತ್ತರದ ಕಾಂಪ್‌ನಲ್ಲಿ, ಅಂದರೆ ನಾವು ಕೆಲಸ ಮಾಡೋ ಚೌಕಟ್ಟಿನಲ್ಲಿ, ನಡುಮಧ್ಯ ಅಂದರೆ 960, 540. ಎರಡು ಸಂಖ್ಯೆ, ಆದರೆ ಕೀಫ್ರೇಮ್ ಒಂದೇ, ವೇಗವೂ ಒಂದೇ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ, ಒಂದು ನಿಂತರೆ ಇನ್ನೊಂದೂ ನಿಲ್ಲಬೇಕು. ಎಸೆದ ವಸ್ತು ಹಾಗೆ ಹೋಗೋದಿಲ್ಲ. ಮೇಲೆ ತುದಿ ಮುಟ್ಟಿದಾಗ ಸೊನ್ನೆಯಾಗೋದು ಮೇಲೆ-ಕೆಳಗಿನ ವೇಗ ಮಾತ್ರ. ಅಡ್ಡ ವೇಗ ತನ್ನ ಪಾಡಿಗೆ ಇದ್ದೇ ಇರುತ್ತದೆ. ಇದನ್ನ ಗೆಲಿಲಿಯೋ 1638ರಲ್ಲೇ ಅಚ್ಚು ಹಾಕಿಸಿದ್ದ. ಪಿಯುಸಿಯಲ್ಲಿ ನಾವೂ ಓದಿದ್ದೇವೆ, ಲೆಕ್ಕ ಮಾಡಿ ಮಾರ್ಕ್ಸ್ ತಗೊಂಡಿದ್ದೇವೆ. ಕಂಪ್ಯೂಟರ್ ಮುಂದೆ ಕೂತ ಕೂಡಲೇ ಎಲ್ಲಾ ಮರೆತುಹೋಗುತ್ತದೆ.

ಮಾಡಬೇಕಾದ್ದು ಇಷ್ಟೇ. ಲೇಯರ್, ಅಂದರೆ ಹಣ್ಣಿನ ಚಿತ್ರ ಇರೋ ಪದರ ಸೆಲೆಕ್ಟ್ ಮಾಡಿ ಪಿ ಒತ್ತಿ. ಪೊಸಿಶನ್ ಮೇಲೆ ರೈಟ್ ಕ್ಲಿಕ್. ಸೆಪರೇಟ್ ಡೈಮೆನ್ಶನ್ಸ್. ಮುಗೀತು, ಎಕ್ಸ್‌ಗೆ ಒಂದು ಸಾಲು, ವೈಗೆ ಒಂದು ಸಾಲು. ಈ ಸೌಲಭ್ಯ 2008ರ ಸಿಎಸ್4 ಆವೃತ್ತಿಯಿಂದ ಇದೆ ಮಾರಾಯ್ರೇ! ಬ್ಲೆಂಡರ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಂತೂ ಮೊದಲಿಂದಲೇ ಒಂದೊಂದಕ್ಕೂ ಬೇರೆ ಬೇರೆ ಗೆರೆ.

ಬೇರೆ ಮಾಡಿದ ಮೇಲೆ ಎಕ್ಸ್‌ಗೆ ಎರಡೇ ಕೀಫ್ರೇಮ್ ಸಾಕು. 200ರಿಂದ 1700ಕ್ಕೆ, ಸೀದಾ ಗೆರೆ, ಈಸ್ ಬೇಡ. ಆಟ ಇರೋದೆಲ್ಲ ವೈನಲ್ಲಿ. ಗ್ರಾಫ್ ಎಡಿಟರ್‌ನಲ್ಲಿ ವ್ಯಾಲ್ಯೂ ಗ್ರಾಫ್ ತೆರೆದರೆ ಹಣ್ಣು ಮೇಲಿನ ತುದಿ ಮುಟ್ಟುವಲ್ಲಿ ಗೆರೆ ಮೆತ್ತಗೆ ಬಾಗಿರಬೇಕು, ನೆಲ ಮುಟ್ಟುವಲ್ಲಿ ಚೂಪಾಗಿರಬೇಕು. ಕೈಯಳತೆ ಬೇಡ ಅನ್ನೋರಿಗೆ ಲೆಕ್ಕವೂ ಇದೆ. ನೆಲ 900ರಲ್ಲಿ, ತುದಿ 300ರಲ್ಲಿ ಅಂದುಕೊಳ್ಳಿ. 600 ಪಿಕ್ಸೆಲ್ ಏರೋದಕ್ಕೆ ಹತ್ತು ಫ್ರೇಮ್, ಅಂದರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 0.4 ಸೆಕೆಂಡ್. ನೆಲ ಬಿಡುವಾಗ ವೇಗ ಅದರ ಸರಾಸರಿಯ ಎರಡು ಪಟ್ಟು, ಸೆಕೆಂಡಿಗೆ 3000 ಪಿಕ್ಸೆಲ್. ನೆಲದ ಕೀಫ್ರೇಮ್ ಮೇಲೆ ಕಂಟ್ರೋಲ್ ಶಿಫ್ಟ್ ಕೆ ಒತ್ತಿ, ತೆರೆಯೋ ಪೆಟ್ಟಿಗೆಯಲ್ಲಿ ಹೊರಡೋ ವೇಗಕ್ಕೆ ಮೈನಸ್ 3000 ಬರೆಯಿರಿ, ಯಾಕೆಂದರೆ ಇಲ್ಲಿ ವೈ ಕೆಳಗೆ ಹೋದಷ್ಟೂ ಜಾಸ್ತಿಯಾಗುತ್ತದೆ. ತುದಿಯಲ್ಲಿ ಸೊನ್ನೆ. ಎರಡೂ ಕಡೆ ಇನ್‌ಫ್ಲುಯೆನ್ಸ್, ಅಂದರೆ ಆ ವೇಗದ ಪ್ರಭಾವ ಎಷ್ಟು ದೂರ ಅನ್ನೋದು, ಶೇಕಡಾ 33.33. ಪಕ್ಕಾ ಪ್ಯಾರಾಬೋಲಾ ಬರುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಇನ್ನೊಂದು. ಮುಂದಿನ ಪುಟಿತ ಅರ್ಧ ಎತ್ತರಕ್ಕೆ ಇಳಿದರೆ ಸಮಯ ಅರ್ಧ ಆಗೋದಿಲ್ಲ, ಸುಮಾರು 0.7 ಪಾಲಾಗುತ್ತದೆ. ಇಪ್ಪತ್ತು ಫ್ರೇಮ್ ಇದ್ದದ್ದು ಹದಿನಾಲ್ಕು, ಆಮೇಲೆ ಹತ್ತು. ಆ ಬೋರ್ಡಿನಲ್ಲಿ ಎಲ್ಲ ಪುಟಿತಕ್ಕೂ ಒಂದೇ ಸಮಯ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ನೋಡಿದೆ. ಹೌದು, ಮಾಡಿಕೊಂಡೆ. ಆಟೊದವನು ಹಾರ್ನ್ ಯಾಕೆ ಹೊಡೆದ ಅಂದುಕೊಂಡಿರಿ?

"ಅಷ್ಟೆಲ್ಲಾ ಯಾರ್ ನೋಡ್ತಾರ್ರೀ ಸರ್, ಚೆಂದ ಕಂಡ್ರ ಸಾಕು" ಅಂತ ನನ್ನ ಹತ್ತಿರ ಕಲಿಯೋ ಹುಡುಗನೇ ಅಂತಾನೆ. ಯಾರು ನೋಡ್ತಾರೆ? ಸಿದ್ಧಾರೂಢ ಮಠದ ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯೋ ಊರು ಇದು. ಎಷ್ಟು ಜೋರು ಎಸೆದರೆ ಎಲ್ಲಿ ಹೋಗಿ ಬೀಳುತ್ತದೆ ಅಂತ ಇಲ್ಲಿನ ಅಜ್ಜಿಯ ಕೈಗೂ ಗೊತ್ತು. ಆ ಜನರ ಮುಂದೆ ಗಾಳಿಯಲ್ಲಿ ನಿಲ್ಲೋ ಹಣ್ಣು ತೋರಿಸಿದರೆ ಅವರಿಗೆ ಕೀಫ್ರೇಮ್ ಹೆಸರು ಗೊತ್ತಿಲ್ಲದೆ ಇರಬಹುದು, "ಏನೋ ಸರಿ ಇಲ್ಲಲ್ಲ" ಅಂತ ಅನಿಸೇ ಅನಿಸುತ್ತದೆ.

ಕಲಿತವರ ವಾದ ಬೇರೆ. ಬೇರೆ ಮಾಡಿದರೆ ಪಾತ್, ಅಂದರೆ ವಸ್ತು ಸಾಗೋ ದಾರಿ, ಬಗ್ಗಿಸೋ ಹ್ಯಾಂಡಲ್ ಹೋಗುತ್ತದೆ, ವೇಗ ಸಮ ಇರಲಿ ಅಂತ ತಾನೇ ಸಮಯ ಹೊಂದಿಸಿಕೊಳ್ಳೋ ರೋವಿಂಗ್ ಕೀಫ್ರೇಮ್ ಸಿಗೋದಿಲ್ಲ ಅಂತ. ಖರೇ ಐತಿ. ವಿಮಾನ ಸುತ್ತು ಹಾಕಬೇಕು, ಬಸ್ಸು ಘಾಟಿನಲ್ಲಿ ತಿರುಗಬೇಕು ಅಂದರೆ ಒಟ್ಟಿಗೇ ಇರಲಿ, ನಾನೇ ಹಾಗೆ ಬಿಡ್ತೀನಿ. ಆದರೆ ಈ ಮಾತು ಹೇಳೋರು ಪಾತ್ ಬಗ್ಗಿಸಿ ಏನಾದರೂ ಮಾಡಿದ್ದನ್ನ ನಾನಂತೂ ಕಂಡಿಲ್ಲ. ಎರಡೂ ಬೇಕು ಅನ್ನೋರಿಗೆ ಸಿಎಸ್4ಗಿಂತ ಮೊದಲಿನ ಹಳೇ ದಾರಿ ಇದ್ದೇ ಇದೆ. ಒಂದು ನಲ್ (ಕಣ್ಣಿಗೆ ಕಾಣದ ಖಾಲಿ ಲೇಯರ್) ಮಾಡಿ, ಅಡ್ಡ ಚಲನೆ ಅದಕ್ಕೆ, ಮೇಲೆ-ಕೆಳಗಿನದ್ದು ಲೇಯರಿಗೆ, ಲೇಯರನ್ನ ನಲ್‌ಗೆ ಪೇರೆಂಟ್ ಮಾಡಿ, ಅಂದರೆ ಅದರ ಜೊತೆ ಸಾಗೋ ಹಾಗೆ ಕಟ್ಟಿ. ಕಷ್ಟ ಏನು ಅದರಲ್ಲಿ?

ಬರೀ ಪುಟಿಯೋ ಹಣ್ಣಿನ ವಿಷಯ ಅಲ್ಲ ಇದು. ಲಗ್ನಪತ್ರಿಕೆ ವಿಡಿಯೊಗಳಲ್ಲಿ ಹೂವಿನ ಎಸಳು ಬೀಳುತ್ತಾವಲ್ಲ, ಅಲ್ಲಿ ಎಲ್ಲಾ ಉಲ್ಟಾ. ವೈ ಒಂದೇ ವೇಗದಲ್ಲಿ ಇಳಿಯಬೇಕು. ಎಕ್ಸ್ ಆಚೆ ಈಚೆ ತೂಗಬೇಕು, ತುದಿಯಲ್ಲಿ ಮೆಲ್ಲಗಾಗಿ ತಿರುಗಬೇಕು. ಅಲ್ಲಿ ಎಕ್ಸ್‌ಗೆ ಎಫ್9 ಒತ್ತಿ, ನಾನೇ ಒತ್ತಿಕೊಡ್ತೀನಿ. ಆದರೆ ನಮ್ಮವರ ಎಸಳು ಮೆಟ್ಟಿಲು ಇಳಿಯುತ್ತದೆ. ಒಂದು ಹೆಜ್ಜೆ, ನಿಲ್ಲು. ಇನ್ನೊಂದು ಹೆಜ್ಜೆ, ನಿಲ್ಲು. ಮೊನ್ನೆ ವಾಟ್ಸ್ಯಾಪಿಗೆ ಸಂಬಂಧಿಕರ ಪತ್ರಿಕೆ ಬಂತು. ನಮ್ಮನೆಯಾಕೆ "ಅಕ್ಕಿಕಾಳು ಎಷ್ಟ ಗಂಟೇಕ ಐತಂತ?" ಅಂತ ಕೇಳಿದಳು. ವಿಡಿಯೊ ಮೂರು ಸಲ ನೋಡಿದ್ದೆ, ಮುಹೂರ್ತ ಬಿಡಿ, ಮದುಮಗಳ ಹೆಸರೂ ಓದಿರಲಿಲ್ಲ. ಟಿವಿ ಮುಂದೆ ನನ್ನ ಪಕ್ಕ ಕೂರೋದನ್ನ ಅವಳು ಬಿಟ್ಟು ಬಹಳ ದಿನ ಆಯಿತು. ಜಾಹೀರಾತು ಬಂದರೆ ನಾನು ಬೈಯ್ಯೋದು ಕೇಳೋಕೆ ಆಗೋದಿಲ್ಲವಂತೆ.

ಈಗ ಕಾಮೆಂಟಿಗೆ ಬಂದು "ಸರ್ ಪ್ರಿಸೆಟ್ ಇದ್ರ ಕಳಿಸ್ರಿ" ಅನ್ನಬೇಡಿ. ರೆಡಿಮೇಡ್ ಪ್ರಿಸೆಟ್ ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಕೆಲಸ ಮಾಡೋರು ಒಂದೇ ಒಂದು ಪುಟಿಯೋ ಚೆಂಡು ಮಾಡಿಕೊಂಡು ಲ್ಯಾಪ್‌ಟಾಪ್ ಸಮೇತ ಬನ್ನಿ. ಪೊಸಿಶನ್ ಎರಡು ಸಾಲಾಗಿದ್ದರೆ ಗಿರ್ಮಿಟ್, ಚಹಾ ನನ್ನ ಕಡೆಯಿಂದ. ಒಂದೇ ಸಾಲಿದ್ದರೆ ಬಿಲ್ಲು ನಿಮ್ಮದು, ಮಿರ್ಚಿ ಭಜಿನೂ ಸೇರಿಸಿ.