ಅರ್ಧ ಗಂಟೆಯ ಪಾಠ, ಆರು ದಿನದ ಮನೆ

ಇಂಗ್ಲೆಂಡಿನಲ್ಲಿ ಮನೆಯಲ್ಲೇ ಪಿಯಾನೊ ಪಾಠ ಹೇಳುವವರು ನಾಲ್ಕು ಜನ ಸೇರಿದರೆ ಮೊದಲು ಹೊರಬೀಳುವ ದೂರು ಒಂದೇ: ಮಕ್ಕಳು ಪ್ರ್ಯಾಕ್ಟೀಸ್ ಮಾಡುವುದಿಲ್ಲ. ಕೊನೇ ಗಳಿಗೆಯಲ್ಲಿ ಪಾಠ ಬೇಡವೆಂದು ಮೆಸೇಜ್ ಹಾಕುವ ಅಪ್ಪ ಅಮ್ಮಂದಿರು, ಉದ್ದ ಉಗುರು, ಕೇಳಿ ಕೇಳಿ ಈಸಿಕೊಳ್ಳಬೇಕಾದ ಫೀಸು, ಇವೆಲ್ಲ ಆಮೇಲೆ ಬರುತ್ತವೆ. ನಾನೂ ಆ ಗುಂಪಿನವನೇ. ಆದರೆ ಮೈಸೂರಿನಲ್ಲಿ ಸಂಗೀತ ಪಾಠಕ್ಕೆ ಹೋಗಿ ಬೆಳೆದವನಾದ್ದರಿಂದ ಆ ಮೊದಲನೇ ದೂರಿಗೆ ಪೂರ್ತಿ ತಲೆಯಾಡಿಸಲು ಆಗುವುದಿಲ್ಲ. ಮನೆಯಲ್ಲಿ ಒಬ್ಬನೇ ಕೂತು ಹೇಗೆ ಅಭ್ಯಾಸ ಮಾಡಬೇಕೆಂದು ಆ ಮಗುವಿಗೆ ತೋರಿಸಿಕೊಟ್ಟವರು ಯಾರು?

ನಮ್ಮ ಕಡೆ ಪಾಠದ ಮನೆಯಲ್ಲೇ ಸಾಧಕ, ಅಂದರೆ ಅಭ್ಯಾಸ, ನಡೆಯುತ್ತಿತ್ತು. ಚಾಪೆಯ ಮೇಲೆ ಏಳೆಂಟು ಮಕ್ಕಳು, ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಎಂಬ ಮೊದಲ ಸ್ವರಪಾಠ, ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಎರಡನೇ ಕಾಲದಲ್ಲಿ ತಾಳ ತಪ್ಪಿದರೆ ಮೇಷ್ಟ್ರು ಅಲ್ಲೇ ನಿಲ್ಲಿಸಿ, ತಾಳದ ಅದೊಂದೇ ಸುತ್ತನ್ನು ಸಾಕಾಗುವವರೆಗೂ ಹೇಳಿಸುತ್ತಿದ್ದರು. ಮನೆಗೆ ಹೋಗಿ ಬಾಯಿ ಬಿಡದಿದ್ದರೂ ವರಸೆ ಗಂಟಲಲ್ಲಿ ಕೂತಿರುತ್ತಿತ್ತು.

ಇಲ್ಲಿ ವಾರಕ್ಕೊಂದು ಪಾಠ, ಅದೂ ಅರ್ಧ ಗಂಟೆ. ಮಗು ಬ್ಯಾಗಿನಿಂದ ಪುಸ್ತಕ ತೆಗೆಯುವಷ್ಟರಲ್ಲಿ ಎರಡು ನಿಮಿಷ ಹೋಯಿತು. ಸ್ಕೇಲು (ಸ್ವರಗಳ ಆರೋಹಣ ಅವರೋಹಣ), ಒಂದು ಪೀಸು (ನುಡಿಸುವ ಕೃತಿ), ಸ್ವಲ್ಪ ಸೈಟ್ ರೀಡಿಂಗ್, ಅಂದರೆ ಮೊದಲು ನೋಡದ ಪುಟವನ್ನು ಓದುತ್ತಲೇ ನುಡಿಸುವುದು. ತಪ್ಪಿದ ಕಡೆ ಟೀಚರು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ನೋಟ್‌ಬುಕ್ಕಿನಲ್ಲಿ ‘ಎಡಗೈ ನಿಧಾನ’ ಎಂದು ಬರೆದು ಕಳಿಸುತ್ತಾರೆ. ಇದು ಪಾಠ ಒಪ್ಪಿಸಿಕೊಳ್ಳುವುದಾಯಿತೇ ಹೊರತು ಪಾಠ ಹೇಳಿದ್ದಾಗಲಿಲ್ಲ. ಉಳಿದ ಆರು ದಿನ ಮಗು ಏನು ಮಾಡುತ್ತದೆ? ಮೊದಲನೇ ಬಾರ್‌ನಿಂದ (ಪುಟದಲ್ಲಿ ಗೆರೆ ಎಳೆದು ಬೇರ್ಪಡಿಸಿದ ತಾಳದ ಒಂದು ತುಂಡಿನಿಂದ) ಹೊರಟು ಓಡುತ್ತದೆ, ಒಂಬತ್ತನೇ ಬಾರ್‌ನಲ್ಲಿ ಮುಗ್ಗರಿಸುತ್ತದೆ, ಮತ್ತೆ ಮೊದಲಿಗೆ ಹೋಗುತ್ತದೆ. ಎಂಟು ಬಾರ್‌ಗಳು ಇಪ್ಪತ್ತು ಸಲ ಸೊಗಸಾಗಿ ಬಂದವು, ಒಂಬತ್ತನೆಯದರಲ್ಲಿ ಇಪ್ಪತ್ತು ಸಲವೂ ಅದೇ ತಪ್ಪು ಗಟ್ಟಿಯಾಯಿತು. ಅಡುಗೆಮನೆಯಲ್ಲಿ ಕೇಳುತ್ತಿರುವ ಅಮ್ಮನಿಗೆ ಅರ್ಧ ಗಂಟೆ ಪಿಯಾನೊ ಸದ್ದು ಬಂತೆಂಬ ಸಮಾಧಾನ. ಇದಕ್ಕೆ ಸೋಮಾರಿತನ ಅನ್ನಲು ನನಗೆ ಮನಸ್ಸು ಬಾರದು. ಒಂಬತ್ತನೇ ಬಾರ್‌ನಿಂದಲೇ ಶುರು ಮಾಡು, ಮೊದಲು ಒಂದೇ ಕೈಯಲ್ಲಿ, ಆಮೇಲೆ ಹಿಂದಿನ ಬಾರ್‌ಗೆ ಜೋಡಿಸು ಎಂದು ಎದುರಿಗೆ ಕೂರಿಸಿಕೊಂಡು ಮಾಡಿಸಿದ್ದರೆ ಮಗು ಮಾಡುತ್ತಿತ್ತು.

ಟೀಚರುಗಳ ಕೈಯಾರೆ ಆಗುವ ಅನಾಹುತ ಇನ್ನೂ ಇದೆ. ಒಂದೊಂದು ಸ್ವರದ ತಲೆಯ ಮೇಲೂ ಬೆರಳಿನ ನಂಬರ್ ಬರೆದುಕೊಟ್ಟರೆ ಮಗು ಓದುವುದು ನಂಬರನ್ನು. ಎರಡೂ ಹೆಬ್ಬೆರಳನ್ನು ಪಿಯಾನೊದ ನಡುವಿನ ಸ್ವರವಾದ ಮಿಡಲ್ ಸಿ ಮೇಲೆ ಇಟ್ಟು ತಿಂಗಳುಗಟ್ಟಲೆ ನುಡಿಸಿದ ಮಗುವಿಗೆ ಹೆಬ್ಬೆರಳು ಅಂದರೆ ಸಿ. ಕೈಯನ್ನು ಎರಡು ಮನೆ (ಕೀ) ಆಚೆ ಸರಿಸಿದ ದಿನ ಕಲಿತದ್ದೆಲ್ಲ ಕೈಕೊಡುತ್ತದೆ.

ನಮ್ಮ ಪದ್ಧತಿಯೇ ಮೇಲು ಎಂದು ಎದೆತಟ್ಟಿಕೊಳ್ಳುವ ಹಾಗೂ ಇಲ್ಲ. ಹಾಡುಗಾರಿಕೆ ಕಲಿಯುತ್ತಿರುವ ನಮ್ಮ ಮಕ್ಕಳ ಕಿವಿ ಬಲು ಚುರುಕು. ನಾನು ಒಂದು ಸಲ ನುಡಿಸಿ ತೋರಿಸಿದರೆ ಸಾಕು, ಪುಸ್ತಕ ನೋಡದೆ ಹಾಗೇ ಒಪ್ಪಿಸಿಬಿಡುತ್ತವೆ. ಮುಂದೆ ಎರಡೂ ಕೈ ಬೇರೆ ಬೇರೆ ದಾರಿ ಹಿಡಿಯುವ ಪೀಸುಗಳು ಬಂದಾಗ ಕಿವಿಯೊಂದೇ ಸಾಲದು, ಆ ಹೊತ್ತಿಗೆ ಓದಲೂ ಬರುವುದಿಲ್ಲ. ಹಾಗಾಗಿ ಆ ಮಕ್ಕಳಿಗೆ ಹೊಸ ಪೀಸನ್ನು ಮೊದಲು ನುಡಿಸಿ ತೋರಿಸುವುದನ್ನೇ ಬಿಟ್ಟಿದ್ದೇನೆ.

ಇನ್ನು ಗ್ರೇಡು, ಅಂದರೆ ಹಂತ ಹಂತದ ಸಂಗೀತ ಪರೀಕ್ಷೆ. ಕನ್ನಡದ ಮನೆಗಳಿಂದ ಬರುವ ಮೊದಲ ಪ್ರಶ್ನೆಯೇ “ಸಾರ್, ಇವಳು ಗ್ರೇಡ್ ಫೈವ್ ಯಾವಾಗ ಮುಗಿಸ್ತಾಳೆ?” ಈ ಪರೀಕ್ಷೆ ನಡೆಸುವ ಬ್ರಿಟನ್ನಿನ ಸಂಸ್ಥೆ ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಪರೀಕ್ಷೆಗೆ ಒಟ್ಟು 150 ಅಂಕ, ಪಾಸಿಗೆ 100. ಮೂರು ಪೀಸಿಗೇ 90 ಹೋಗುತ್ತದೆ. ಸ್ಕೇಲಿಗೆ 21, ಸೈಟ್ ರೀಡಿಂಗಿಗೆ 21, ಕೇಳಿ ಹೇಳುವುದಕ್ಕೆ 18. ಲೆಕ್ಕ ಗೊತ್ತಿರುವವರು ವರ್ಷವಿಡೀ ಆ ಮೂರು ಪೀಸನ್ನೇ ಉಜ್ಜಿಸುತ್ತಾರೆ. ಗ್ರೇಡ್ ನಾಲ್ಕು ಪಾಸಾದ ಹುಡುಗಿಯ ಮುಂದೆ ಗ್ರೇಡ್ ಒಂದರ, ಮೊದಲು ನೋಡದ ಪುಟವಿಟ್ಟರೆ ತಡವರಿಸುತ್ತಾಳೆ. ಇಂಗ್ಲಿಷ್ ಮನೆಗಳದು ಇದಕ್ಕೆ ತದ್ವಿರುದ್ಧ: ಮಗುವಿಗೆ ಖುಷಿಯಾದರೆ ಸಾಕು ಅನ್ನುತ್ತಾರೆ, ಖುಷಿ ಕಮ್ಮಿಯಾದ ವಾರ ಫುಟ್‌ಬಾಲಿಗೆ ಸೇರಿಸುತ್ತಾರೆ. ಎರಡರಲ್ಲಿ ಆರಿಸು ಅಂದರೆ ನಮ್ಮವರೇ ವಾಸಿ, ಜ್ವರ ಬಂದರೂ ಪಾಠ ತಪ್ಪಿಸುವುದಿಲ್ಲ. (ನನಗೂ ಆ ಜ್ವರ ಬರುತ್ತದೆ, ಅದು ಬೇರೆ ಮಾತು.)

ಮೈಸೂರಿನವನೆಂದು ಗೊತ್ತಾದರೆ ಜಯಚಾಮರಾಜ ಒಡೆಯರ ಹೆಸರು ಬಂದೇ ಬರುತ್ತದೆ: ಮಹಾರಾಜರೇ ಲಂಡನ್ ಪರೀಕ್ಷೆ ಪಾಸು ಮಾಡಿದ್ದರಲ್ಲ! ಹೌದು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಅರ್ಹತೆ ಪಡೆದರು. ಆಗ ಅವರು ಪಟ್ಟಕ್ಕೆ ಬಂದು ಐದು ವರ್ಷವಾಗಿತ್ತು. ಸರ್ಟಿಫಿಕೇಟಿನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಲಂಡನ್ನಿನಲ್ಲಿ ಹೆಚ್ಚು ಜನ ಕೇಳದೆ ಉಳಿದಿದ್ದ ರಷ್ಯದ ಸಂಗೀತ ರಚನಕಾರ ಮೆಟ್ನರ್‌ನ ಪಿಯಾನೊ ಸಂಗೀತವನ್ನು ತಮ್ಮ ದುಡ್ಡಿನಲ್ಲಿ ರೆಕಾರ್ಡ್ ಮಾಡಿಸಿದರು, ಆತ ತನ್ನ ಮೂರನೇ ಪಿಯಾನೊ ಕನ್ಚರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದದ ಕೃತಿಯನ್ನು) ಇವರಿಗೆ ಅರ್ಪಿಸಿದ. ಇವರೇ 94 ಕೃತಿ ರಚಿಸಿದರು, ಕರ್ನಾಟಕ ಸಂಗೀತದಲ್ಲಿ. ಗ್ರೇಡಿನ ಅಪ್ಪ ಅಮ್ಮಂದಿರಿಗೆ ಇಷ್ಟುದ್ದ ಕಥೆ ಬೇಕಿರುವುದಿಲ್ಲ.

ಮನೆಯಲ್ಲಿ ಇಟ್ಟಿರುವ ವಾದ್ಯದ್ದೂ ಒಂದು ಗೋಳು. ಆಸಕ್ತಿ ಇದೆಯೋ ನೋಡೋಣ ಎಂದು 61 ಮನೆಯ ಹಗುರ ಕೀಬೋರ್ಡ್ ತರುತ್ತಾರೆ. ಎಷ್ಟೋ ಅಗ್ಗದ ಕೀಬೋರ್ಡುಗಳಲ್ಲಿ ಮೆತ್ತಗೆ ಒತ್ತಿದರೂ ಗಟ್ಟಿಯಾಗಿ ಒತ್ತಿದರೂ ಒಂದೇ ಸದ್ದು. ನನ್ನ ಮನೆಯ ಪಿಯಾನೊ ಮುಂದೆ ಆ ಮಗುವಿನ ಬೆರಳು ಸೋಲುತ್ತದೆ. ಭಾರದ ಕೀ ಇರುವ 88 ಮನೆಯ ಡಿಜಿಟಲ್ ಪಿಯಾನೊ ಸೆಕೆಂಡ್ ಹ್ಯಾಂಡ್ ಆದರೂ ಸರಿ, ಅದನ್ನೇ ಹುಡುಕಿ ಅನ್ನುತ್ತೇನೆ.

ಈಗ ಪಾಠದ ಕೊನೆಯ ಹತ್ತು ನಿಮಿಷ ನಾನು ಸುಮ್ಮನಿರುತ್ತೇನೆ. ಮಗು ಮನೆಯಲ್ಲಿ ಮಾಡುವ ಹಾಗೆಯೇ ನನ್ನೆದುರು ಸಾಧಕ ಮಾಡಬೇಕು. ಕೇಳುವುದು ಒಂದೇ ಪ್ರಶ್ನೆ, “ಎಲ್ಲಿಂದ ಶುರು ಮಾಡ್ತೀಯ?” ದಾವಣಗೆರೆ ಕಡೆಯ ತಂದೆಯೊಬ್ಬರು ನೇರವಾಗಿ ಕೇಳಿಬಿಟ್ಟರು, “ಅಲ್ಲ ಸಾರ್, ರೊಕ್ಕ ಕೊಟ್ಟು ನಿಮ್ಮನ್ನ ಸುಮ್ನೆ ಕೂರಿಸ್ಬೇಕಾ?” ನೀವೂ ಬಂದು ಕೂತ್ಕೊಳ್ಳಿ ಸಾರ್ ಅಂದೆ. ಕೆಲವು ವಾರ ಕೂತರು. ಈಗ ಮನೆಯಲ್ಲಿ ಮಗಳು ಮೊದಲಿಂದ ಶುರು ಮಾಡಿದರೆ ಸೋಫಾದಿಂದಲೇ ತಡೆಯುತ್ತಾರಂತೆ. ಅವಳಿಗೆ ಸಿಟ್ಟೆಲ್ಲ ನನ್ನ ಮೇಲೆ.