ಬಾಗಿಲು ತೆರೆದಿಡಿ ಅಂದರೆ ಅವಮಾನ ಹೇಗಾಗುತ್ತದೆ?

ಪೂಜೆ ಮುಗಿಸಿ ಬಂದವಳು ಇನ್ನೂ ಸೀರೆ ಬದಲಾಯಿಸಿಲ್ಲ. ಕಾಫಿ ಮಾಡಿಟ್ಟುಕೊಂಡು ಕುಡಿಯದೆ ಕೂತಿದ್ದೇನೆ. ಅಷ್ಟು ಸಿಟ್ಟು ಬಂದಿದೆ.

ಆಗಿದ್ದು ಇಷ್ಟು. ಇವತ್ತು ನಮ್ಮ ಚರ್ಚಿನಲ್ಲಿ ಬಲಿಪೂಜೆಯ ಕೊನೆಗೆ ಫಾದರ್ ಒಂದು ಹಾಳೆ ಓದಿದರು. ಮಕ್ಕಳ, ವೃದ್ಧರ ಸುರಕ್ಷತೆಯ ನಿಯಮಗಳು. ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಯುವಾಗ ಕೋಣೆಯ ಬಾಗಿಲು ತೆರೆದಿರಬೇಕು. ಒಳಗೆ ಇಬ್ಬರು ದೊಡ್ಡವರು ಇರಬೇಕು. ಒಂಟಿ ಮಗುವನ್ನು ಯಾರೂ ಒಬ್ಬರೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬಾರದು. ಮಕ್ಕಳಿಗೆ ತಂದೆತಾಯಿಗೆ ಗೊತ್ತಿಲ್ಲದ ಹಾಗೆ ವಾಟ್ಸಾಪ್ ಮಾಡಬಾರದು. ಹಾಸಿಗೆ ಹಿಡಿದವರ, ಒಂಟಿ ವೃದ್ಧರ ಮನೆಗೆ ಹೋಗುವವರೂ ಇಬ್ಬಿಬ್ಬರಾಗಿಯೇ ಹೋಗಬೇಕು. ಅಷ್ಟೇ ಇದ್ದದ್ದು.

ಹೊರಗೆ ಬಂದರೆ ಅಂಗಳದಲ್ಲಿ ಗುಂಪು ಸೇರಿತ್ತು. "ನಮ್ಮನ್ನ ಕಳ್ಳರ ಥರ ನೋಡ್ತಿದ್ದಾರಲ್ಲ ಮಾರಾಯ್ರೆ" ಅಂತ ಒಬ್ಬರು. "ಇದೆಲ್ಲ ಫಾರಿನ್ ಕಾಯಿಲೆ, ನಮ್ಮ ಚಿಕ್ಕಮಗಳೂರಿಗೆ ಯಾಕೆ?" ಅಂತ ಇನ್ನೊಬ್ಬರು. ಚರ್ಚಿನ ಪಾಲನಾ ಸಮಿತಿಯ ಹಿರಿಯರೊಬ್ಬರು ನನ್ನ ಕಡೆ ತಿರುಗಿ ಕೇಳಿದರು: "ಟೀಚರ್, 22 ವರ್ಷದಿಂದ ಮಕ್ಕಳಿಗೆ ಕಲಿಸ್ತಿದ್ದೀರಿ. ನಿಮಗೆ ಅವಮಾನ ಅನ್ನಿಸ್ಲಿಲ್ವಾ?"

ಅನ್ನಿಸಲಿಲ್ಲ. ಒಂದು ಚೂರೂ ಅನ್ನಿಸಲಿಲ್ಲ.

ಆ ಹಿರಿಯರು ಪ್ರತಿ ಭಾನುವಾರ ಕಾಣಿಕೆ ದುಡ್ಡು ಎಣಿಸುತ್ತಾರೆ. ಒಬ್ಬರೇ ಎಣಿಸುವುದಿಲ್ಲ, ಜೊತೆಗೆ ಇನ್ನೊಬ್ಬರು ಇರಲೇಬೇಕು. ಇಬ್ಬರೂ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ. "ನನ್ನನ್ನು ಕಳ್ಳ ಅಂದ್ರಾ?" ಅಂತ ಅವರು ಒಂದು ದಿನವೂ ಕೇಳಿಲ್ಲ. ಹತ್ತರ ನೋಟುಗಳ ಪಕ್ಕ ಇಬ್ಬರು ಕೂರಬೇಕು ಅನ್ನುವುದು ಸರಿ ಅನ್ನಿಸುತ್ತದೆ. ಮಕ್ಕಳ ಪಕ್ಕ ಇಬ್ಬರು ಕೂರಬೇಕು ಅಂದರೆ ಮರ್ಯಾದೆ ಹೋಗುತ್ತದಾ? ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಇದೇ ಸುತ್ತುತ್ತಿದೆ.

ಫಾರಿನ್ ಕಾಯಿಲೆ ಅಂದವರಿಗೆ ಹೇಳುತ್ತೇನೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯನ್ನು ಮಾಡಿದ್ದು ನಮ್ಮ ಸಂಸತ್ತು. 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ ಅದು ಜಾರಿಗೆ ಬಂತು. ಅದರಲ್ಲಿ ಧಾರ್ಮಿಕ ಸಂಸ್ಥೆಯ ಆಡಳಿತದವರು, ಸಿಬ್ಬಂದಿ ತಪ್ಪು ಮಾಡಿದರೆ ಶಿಕ್ಷೆ ಇನ್ನೂ ಜಾಸ್ತಿ ಅಂತ ಬಿಡಿಸಿ ಬರೆದಿದ್ದಾರೆ. ಗುಡಿ, ಮಸೀದಿ, ಚರ್ಚು, ಮಠ ಎಲ್ಲಕ್ಕೂ ಅದು ಒಂದೇ. ನಮ್ಮ ದೇಶದಲ್ಲಿ ಇಲ್ಲದ ಕಾಯಿಲೆಗೆ ಯಾರಾದರೂ ಮದ್ದು ಅರೆಯುತ್ತಾರಾ? ಹೊರದೇಶದಲ್ಲಿ ಆದದ್ದೂ ನಮಗೆ ಪಾಠವೇ. 2002ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಹೊರಬಿದ್ದದ್ದು ಏನು? ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಪಾದ್ರಿಗಳನ್ನು ಪೊಲೀಸರಿಗೆ ಒಪ್ಪಿಸದೆ ಒಂದು ಚರ್ಚಿನಿಂದ ಇನ್ನೊಂದಕ್ಕೆ ಕಳಿಸುತ್ತಾ ಇದ್ದರು. ಅಲ್ಲಿಯೂ ಎಲ್ಲರೂ ಚರ್ಚಿನ ಮರ್ಯಾದೆಯ ಮಾತನ್ನೇ ಆಡುತ್ತಿದ್ದರು.

"ಏನಾದ್ರೂ ಇದ್ರೆ ಮೊದಲು ಸಮಿತಿಗೆ ಹೇಳಿ, ನಾವು ಒಳಗೇ ಮಾತಾಡಿ ಮುಗಿಸ್ತೀವಿ" ಅಂದರು ಇನ್ನೊಬ್ಬರು. ನನಗೆ ನಿಜಕ್ಕೂ ಭಯ ಆದದ್ದು ಈ ಮಾತಿಗೆ. 18 ತುಂಬದ ಮಗುವಿನ ಮೇಲೆ, ಅದು ಹುಡುಗನೇ ಇರಲಿ ಹುಡುಗಿಯೇ ಇರಲಿ, ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಕಾಯ್ದೆಯ 19ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳಗೇ ಮುಗಿಸುವ ಹಕ್ಕು ಯಾವ ಸಮಿತಿಗೂ ಇಲ್ಲ. ರೋಮ್‌ ಕೂಡ ಸುಮ್ಮನಿರಿ ಅಂತ ಹೇಳುತ್ತಿಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ಆಜ್ಞೆ ಪ್ರಕಾರ ಗುರುಗಳು, ಸಿಸ್ಟರ್‌ಗಳು ತಮಗೆ ತಿಳಿದದ್ದನ್ನು ಮೇಲಿನವರಿಗೆ ತಿಳಿಸಲೇಬೇಕು. ದೇಶದ ಕಾನೂನನ್ನೂ ಪಾಲಿಸಬೇಕು. 2023ರಲ್ಲಿ ಅದನ್ನು ಕಾಯಂ ಮಾಡಿದರು.

ಪೊಲೀಸ್ ಅಂದ ಕೂಡಲೇ ಮಗುವನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋಗುತ್ತಾರೆ ಅಂತ ಎಷ್ಟೋ ತಾಯಂದಿರು ಹೆದರುತ್ತಾರೆ. ಹಾಗಲ್ಲ. ಮಗು ಇರುವಲ್ಲಿಗೇ ಬಂದು ಹೇಳಿಕೆ ಬರೆದುಕೊಳ್ಳಬೇಕು. ಸಾಧ್ಯವಾದಷ್ಟು ಮಹಿಳಾ ಸಬ್ ಇನ್‌ಸ್ಪೆಕ್ಟರೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಮಗುವನ್ನು ರಾತ್ರಿ ಹೊತ್ತು ಸ್ಟೇಷನ್ನಿನಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ಹೆಸರು, ಫೋಟೋ, ಶಾಲೆ ಯಾವುದೂ ಪೇಪರಿನಲ್ಲಿ ಬರಬಾರದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಹಾಕಲು ಬರುವುದಿಲ್ಲ. ಇದನ್ನೆಲ್ಲ ಚರ್ಚಿನ ಮೈಕಿನಲ್ಲಿ ಯಾಕೆ ಹೇಳುವುದಿಲ್ಲ?

ಒಂದು ಮಾತು ಮಾತ್ರ ನನ್ನನ್ನೂ ಯೋಚನೆಗೆ ಹಚ್ಚಿತು. ಒಬ್ಬ ಹುಡುಗ ಕೇಳಿದ, "ಜುಲೈ ಮಳೇಲಿ ಲೈನ್ ಮನೆ ಮಕ್ಕಳು ಮೂರು ಮೈಲಿ ನಡೀಬೇಕಾ ಟೀಚರ್? ಬೈಕಲ್ಲಿ ಬಿಟ್ಟು ಬಂದ್ರೆ ತಪ್ಪಾ?" ಲೈನ್ ಮನೆ ಅಂದರೆ ತೋಟದ ಕೆಲಸದವರ ಸಾಲುಮನೆ. ನಮ್ಮ ಕಡೆಯ ಮಳೆ ಗೊತ್ತಿದ್ದವರಿಗೆ ಈ ಪ್ರಶ್ನೆಯ ಭಾರ ಗೊತ್ತು. ಅವನು ಒಳ್ಳೆಯ ಹುಡುಗ, ಕಾಳಜಿಯಿಂದಲೇ ಕೇಳಿದ. ಆದರೂ ಅದಕ್ಕೆ ದಾರಿ ಇದೆ. ಇಬ್ಬರು ಮೂವರು ಮಕ್ಕಳನ್ನು ಒಟ್ಟಿಗೆ ಜೀಪಿನಲ್ಲಿ ಕಳಿಸಬಹುದು. ಹೊರಡುವ ಮುಂಚೆ ತಾಯಿಗೆ ಒಂದು ಫೋನ್ ಮಾಡಬಹುದು. ಮಳೆ ಜಾಸ್ತಿ ಇದ್ದರೆ ಆ ಭಾನುವಾರ ತರಗತಿ ಬೇಡ. ಮಳೆಯ ಹೆಸರು ಹೇಳಿ ನಿಯಮವನ್ನೇ ಬಿಡುವುದು ಬೇಡ.

ಯಾಕಂದರೆ ಆ ಲೈನ್ ಮನೆಗಳ ಮಕ್ಕಳೇ ಎಲ್ಲರಿಗಿಂತ ಒಂಟಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ಅವರ ಅಪ್ಪ ಅಮ್ಮನಿಗೆ ಕನ್ನಡ ಸರಿಯಾಗಿ ಬರುವುದಿಲ್ಲ. ಯಾರ ಹತ್ತಿರ ಹೋಗಿ ಹೇಳಬೇಕು? ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರವಾ? ಸಮಿತಿಯ ಹತ್ತಿರವಾ?

ಇನ್ನು ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ವಿಷಯ ಬರೆಯುತ್ತೇನೆ. ಬರೆಯುವಾಗ ಕೈ ನಡುಗುತ್ತಿದೆ.

ಈ ಕಾಯ್ದೆ ಬರುವುದಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು. ನನ್ನ ತರಗತಿಯಲ್ಲಿ 11 ವರ್ಷದ ಒಬ್ಬ ಹುಡುಗ ಇದ್ದ. ಚೆನ್ನಾಗಿ ಹಾಡುತ್ತಿದ್ದ. ಇದ್ದಕ್ಕಿದ್ದಂತೆ ಗಾಯನ ಮಂಡಳಿಗೆ ಬರುವುದು ಬಿಟ್ಟ. ದಾರಿಯಲ್ಲಿ ಸಿಕ್ಕಾಗ ಯಾಕೆ ಅಂತ ಕೇಳಿದೆ. ನೆಲ ನೋಡುತ್ತಾ, "ಆ ಅಣ್ಣ ಇದ್ರೆ ನಾನು ಬರಲ್ಲ ಟೀಚರ್" ಅಂದ. ಯಾವ ಅಣ್ಣ ಅಂತ ನಾನು ಕೇಳಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. "ದೊಡ್ಡವರ ಬಗ್ಗೆ ಹಾಗೆಲ್ಲ ಹೇಳಬಾರದು ಪುಟ್ಟ" ಅಂದೆ. ತಲೆ ಸವರಿ ಮನೆಗೆ ಬಂದೆ. ಮುಂದಿನ ವರ್ಷ ಅವನ ಅಪ್ಪ ಬೇರೆ ತೋಟ ಹಿಡಿದರು. ಅವರು ಸಕಲೇಶಪುರದ ಕಡೆ ಹೋದರು ಅಂತ ಕೇಳಿದೆ.

ಅಲ್ಲಿ ಏನು ನಡೆದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಏನೂ ನಡೆದಿರಲಿಕ್ಕಿಲ್ಲ. ನಡೆದಿರಲೂಬಹುದು. ಅವನು ಬಾಯಿ ಬಿಟ್ಟಿದ್ದ, ಮುಚ್ಚಿಸಿದವಳು ನಾನು. ಈಗ ಅವನಿಗೆ ಮೂವತ್ತರ ಹತ್ತಿರ ಇರಬೇಕು. ಬಾಗಿಲು ತೆರೆದಿಡಿ ಅಂದರೆ ನನಗೆ ಯಾಕೆ ಅವಮಾನ ಅನ್ನಿಸುವುದಿಲ್ಲ ಅಂತ ಆ ಹಿರಿಯರಿಗೆ ಈಗಲಾದರೂ ಅರ್ಥ ಆಗಲಿ.

ವೃದ್ಧರ ಮನೆಗೆ ಇಬ್ಬರು ಯಾಕೆ ಅಂತ ಕೇಳುವವರು ನನ್ನ ದೊಡ್ಡಮ್ಮನ ಮನೆಗೆ ಬನ್ನಿ. 81 ವರ್ಷ. ಕಣ್ಣು ಮಂಜು. ಮಕ್ಕಳು ದುಬೈಯಲ್ಲಿದ್ದಾರೆ. ಪ್ರಾರ್ಥನೆ ಮಾಡಲು ಬರುತ್ತಿದ್ದ ಒಬ್ಬರ ಕೈಗೆ ನಂಬಿ ಎಟಿಎಂ ಕಾರ್ಡ್ ಕೊಟ್ಟಿದ್ದರು. 14 ತಿಂಗಳ ಪೆನ್ಶನ್‌ನಲ್ಲಿ ಅರ್ಧವೂ ದೊಡ್ಡಮ್ಮನ ಕೈಗೆ ಬಂದಿಲ್ಲ. ಗೊತ್ತಾದ ಮೇಲೂ ದೊಡ್ಡಮ್ಮ ನನ್ನ ಕೈ ಹಿಡಿದು, "ಯಾರಿಗೂ ಹೇಳ್ಬೇಡ ಮಗಾ, ಆಮೇಲೆ ನನ್ನ ನೋಡೋಕೆ ಯಾರೂ ಬರಲ್ಲ" ಅಂದರು. ದುಡ್ಡು ಹೋದದ್ದಕ್ಕಿಂತ ಈ ಮಾತು ನನ್ನನ್ನು ಜಾಸ್ತಿ ಸುಟ್ಟಿತು. ಹಿಂಸೆಯನ್ನು ಸಹಿಸಿಕೊಂಡರೆ ಮಾತ್ರ ಮನೆಗೆ ಜನ ಬರುತ್ತಾರೆ ಅಂತ ಒಬ್ಬ ಮುದುಕಿ ನಂಬಿದ್ದಾರೆ. ನಮ್ಮ ನಡುವೆಯೇ ಇದ್ದು ನಂಬಿದ್ದಾರೆ.

ಮಕ್ಕಳ ವಿಷಯಕ್ಕೆ 1098, 60 ದಾಟಿದವರಿಗೆ 14567. ಎರಡೂ ಉಚಿತ ಸಹಾಯವಾಣಿ. ದಪ್ಪ ಅಕ್ಷರದಲ್ಲಿ ಬರೆದು ನನ್ನ ತರಗತಿಯ ಗೋಡೆಗೆ ಅಂಟಿಸುತ್ತೇನೆ. ಹಿಂದಿಯಲ್ಲೂ ಬರೆಸುತ್ತೇನೆ. ಯಾರಾದರೂ ಕಿತ್ತರೆ ಮತ್ತೆ ಅಂಟಿಸುತ್ತೇನೆ.

ಬರುವ ಭಾನುವಾರ ಎರಡನೇ ಪೂಜೆ ಆದ ಮೇಲೆ ಈ ಹಾಳೆಯ ಬಗ್ಗೆ ಸಭೆ ಇದೆಯಂತೆ. ನಮ್ಮ ಧರ್ಮಕೇಂದ್ರದವರು ಓದುತ್ತಿದ್ದರೆ ದಯವಿಟ್ಟು ಬನ್ನಿ, ಮಕ್ಕಳ ಅಮ್ಮಂದಿರು ಮುಖ್ಯವಾಗಿ ಬನ್ನಿ. ದೊಡ್ಡಮ್ಮನಿಗೆ ಈಗ ಫೋನ್ ಮಾಡಿದ್ದೆ. ತುಂಬಾ ಹೊತ್ತು ಸುಮ್ಮನಿದ್ದು, "ಆಟೋ ತಗೊಂಡು ಬಾ, ನಾನೂ ಬರ್ತೀನಿ" ಅಂದರು.